ವಾಕಿಂಗ್ ಹೋಗಿದ್ದ ಅಪ್ಪನನ್ನು ಪೊಲೀಸರು ನಿಲ್ಲಿಸಿ ಸುಣ್ಣದ ಡಬ್ಬಿ ತೆಗೆದು ನೋಡಿದರು. ಹಾಗೆ ಮಾಡಬಹುದಾ?

ಒಹಾಯೊ_ಹಾಸನ:

ನಾವಿರುವುದು ಒಹಾಯೊದಲ್ಲಿ, ಕೊಲಂಬಸ್‌ನಿಂದ ಮುಕ್ಕಾಲು ಗಂಟೆ ದೂರದ ಸಣ್ಣ ಊರು. ಅಪ್ಪ ಏಪ್ರಿಲ್‌ನಲ್ಲಿ ಬಂದಿದ್ದಾರೆ. ವಯಸ್ಸು 71, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಐದಕ್ಕೆ ಏಳುತ್ತಾರೆ, ಆರಕ್ಕೆ ವಾಕಿಂಗ್. ಮೇ ತಿಂಗಳಾದರೂ ಅವರಿಗೆ ಚಳಿ. ಹಾಗಾಗಿ ತಲೆಗೆ ಮಂಕಿ ಕ್ಯಾಪ್, ಜುಬ್ಬದ ಮೇಲೆ ನನ್ನ ಹಳೇ ಜಾಕೆಟ್, ಕೈಯಲ್ಲಿ ಪ್ಲಾಸ್ಟಿಕ್ ಕವರ್. ಕವರ್ ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪೂಜೆಗೆ ಹೂವು. ಬೇಲಿಯಿಂದ ಈಚೆ ಬಂದ ಹೂವನ್ನು ಮಾತ್ರ ಕೀಳುತ್ತೇನೆ ಅಂತಾರೆ. ಇಲ್ಲಿ ಬೇಲಿ ಎಲ್ಲಿದೆ ಅಂತ ನಾನು ಕೇಳಿದ್ದೆ.

ಕಳೆದ ಗುರುವಾರ ಯಾರೋ 911ಗೆ ಫೋನ್ ಮಾಡಿದ್ದಾರೆ. ಮುಖ ಮುಚ್ಚಿಕೊಂಡ ಗಂಡಸೊಬ್ಬ ಮನೆಮನೆ ಮುಂದೆ ನಿಂತು ಇಣುಕುತ್ತಿದ್ದಾನೆ ಅಂತ. ಒಬ್ಬ ಆಫೀಸರ್ ಬಂದು ಅಪ್ಪನನ್ನು ನಿಲ್ಲಿಸಿದರು. ಅಪ್ಪನ ಕೈ ಜಾಕೆಟ್ ಜೇಬಿನಲ್ಲಿತ್ತು. ತೆಗೆ ಅಂದರು, ತೆಗೆದರು. ಹೆಸರು ಕೇಳಿದರು, ಹೇಳಿದರು. ಎಲ್ಲಿರುವುದು ಅಂದಾಗ ನಮ್ಮ ಮನೆಯ ದಿಕ್ಕಿಗೆ ಕೈ ತೋರಿಸಿದರು, ಮನೆ ನಂಬರ್ ಬಾಯಿಗೆ ಬರಲಿಲ್ಲ. ಆಮೇಲೆ ಅಪ್ಪನನ್ನು ತಿರುಗಿಸಿ ನಿಲ್ಲಿಸಿ ಮೈಯೆಲ್ಲ ತಡವಿದರು. ಜುಬ್ಬದ ಜೇಬಿನಲ್ಲಿ ಎಲೆ ಅಡಿಕೆ ಸಂಚಿ. ಅದರೊಳಗೆ ಸುಣ್ಣದ ಡಬ್ಬಿ. ಡಬ್ಬಿ ಮುಚ್ಚಳ ತೆಗೆದರೆ ಬಿಳಿ ಪುಡಿ! (ಸುಣ್ಣ ಒಣಗಿತ್ತು.) ಅಲ್ಲಿಗೆ ಕಥೆ ಮುಗಿಯಿತು. ಇನ್ನೊಂದು ಕಾರು ಕರೆಸಿದರು, ಅದರಲ್ಲಿ ಪರೀಕ್ಷೆ ಮಾಡುವ ಕಿಟ್ ಇತ್ತಂತೆ. ಒಟ್ಟು 35 ನಿಮಿಷ ಅಪ್ಪ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದರು. ಏನೂ ಸಿಗಲಿಲ್ಲ. ಡಬ್ಬಿ ವಾಪಸ್ ಕೊಟ್ಟು 'ಹ್ಯಾವ್ ಎ ಗುಡ್ ಡೇ' ಅಂತ ಹೇಳಿ ಹೋದರು.

ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಅಪ್ಪ ಅವತ್ತಿನಿಂದ ಬಾಗಿಲು ದಾಟಿಲ್ಲ. ಜಾಬ್ ವೀಸಾದಲ್ಲಿರುವ ನಾನು ಗಲಾಟೆ ಮಾಡಿಕೊಂಡು ಓಡಾಡಲಾರೆ. ನನಗೆ ಬೇಕಿರುವುದು ಇಷ್ಟೇ. ನಿಲ್ಲಿಸುವುದಕ್ಕೆ, ತಡವುವುದಕ್ಕೆ, ಡಬ್ಬಿ ತೆಗೆಯುವುದಕ್ಕೆ ಅವರಿಗೆ ಹಕ್ಕಿತ್ತಾ? ಮುಂದೆ ಅಪ್ಪನಿಗೆ ಏನು ಹೇಳಿಕೊಡಲಿ?

ಫೈಲ್_ಅಕ್ಕ:

ನಾನು ವಕೀಲೆ ಅಲ್ಲ. ಕ್ರಿಮಿನಲ್ ಡಿಫೆನ್ಸ್ ವಕೀಲರ ಆಫೀಸಿನಲ್ಲಿ 11 ವರ್ಷದಿಂದ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ಪೊಲೀಸ್ ರಿಪೋರ್ಟ್ ಓದುವುದೇ ನನ್ನ ಕೆಲಸ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನೀವು ಇರುವ ರಾಜ್ಯದಲ್ಲೇ ಈ ಕಾನೂನು ಹುಟ್ಟಿದ್ದು ಅಂತ ಗೊತ್ತಾ? 1963ರ ಅಕ್ಟೋಬರ್ 31, ಕ್ಲೀವ್‌ಲ್ಯಾಂಡ್ ಪೇಟೆ. ಮ್ಯಾಕ್‌ಫ್ಯಾಡನ್ ಅನ್ನುವ ಹಳೇ ಡಿಟೆಕ್ಟಿವ್ ಇಬ್ಬರನ್ನು ನೋಡುತ್ತಾ ನಿಂತ. ಅವರು ಸರದಿಯ ಮೇಲೆ ಒಂದೇ ಅಂಗಡಿಯ ಮುಂದೆ ಹೋಗುವುದು, ಕಿಟಕಿಯಲ್ಲಿ ಇಣುಕುವುದು, ವಾಪಸ್ ಬಂದು ಮಾತಾಡುವುದು. ಹತ್ತು ಹನ್ನೆರಡು ನಿಮಿಷದಲ್ಲಿ ಸುಮಾರು ಹನ್ನೆರಡು ಸಲ. ನಡುವೆ ಮೂರನೆಯವನೊಬ್ಬ ಬಂದು ಮಾತಾಡಿ ಹೋದ. ದರೋಡೆಗೆ ಹೊಂಚು ಹಾಕುತ್ತಿದ್ದಾರೆ ಅಂತ ಮ್ಯಾಕ್‌ಫ್ಯಾಡನ್‌ಗೆ ಅನ್ನಿಸಿತು. ಮೂವರೂ ಒಟ್ಟಿಗಿದ್ದಾಗ ಹೋಗಿ ಹೆಸರು ಕೇಳಿದ. ಏನೋ ಗೊಣಗಿದರು. ಟೆರಿ ಅನ್ನುವವನನ್ನು ತಿರುಗಿಸಿ ಓವರ್‌ಕೋಟ್ ಮೇಲಿಂದ ತಡವಿದರೆ ಪಿಸ್ತೂಲು. ಎರಡನೆಯವನ ಹತ್ತಿರವೂ ಒಂದು. ಮೂರನೆಯವನ ಕೋಟನ್ನು ಹೊರಗಿನಿಂದ ಮಾತ್ರ ತಡವಿದ. ಏನೂ ಸಿಗಲಿಲ್ಲ, ಒಳಗೆ ಕೈ ಹಾಕಲೇ ಇಲ್ಲ. ಈ ಮೂರನೆಯವನನ್ನು ಮರೆಯಬೇಡಿ, ಆಮೇಲೆ ಬೇಕಾಗುತ್ತಾನೆ.

ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1968ರ ಜೂನ್ 10ರಂದು 8-1ರಲ್ಲಿ ತೀರ್ಪು ಬಂತು, ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಅರೆಸ್ಟ್ ಮಾಡಲು ಪ್ರಾಬಬಲ್ ಕಾಸ್ ಬೇಕು, ಅಂದರೆ ಗಟ್ಟಿ ಆಧಾರ. ಅಷ್ಟಿಲ್ಲದಿದ್ದರೂ ಸ್ವಲ್ಪ ಹೊತ್ತು ನಿಲ್ಲಿಸಿ ವಿಚಾರಿಸಬಹುದು, ಆದರೆ ಬರೀ 'ನನಗೆ ಹಾಗನ್ನಿಸಿತು' ಸಾಲದು. ಕಣ್ಣಾರೆ ಕಂಡದ್ದನ್ನು, ತಿಳಿದದ್ದನ್ನು ಒಂದೊಂದಾಗಿ ಹೇಳಲು ಬರಬೇಕು. ಇದನ್ನೇ ರೀಸನಬಲ್ ಸಸ್ಪಿಶನ್ ಅನ್ನುವುದು. ಕಾರಣ ಹೇಳಬಲ್ಲ ಅನುಮಾನ ಅಂತಿಟ್ಟುಕೊಳ್ಳಿ.

ನಿಮ್ಮಪ್ಪ ಮಾಡಿದ್ದೂ ಹೊರಗಿನಿಂದ ನೋಡಿದರೆ ಅದೇ ಅಲ್ವಾ? ಮನೆ ಮುಂದೆ ನಿಲ್ಲುವುದು, ಇಣುಕುವುದು, ಮುಂದೆ ಹೋಗುವುದು. ನಗಬೇಡಿ, ಸರ್ಕಾರಿ ವಕೀಲರು ಹೀಗೇ ಶುರು ಮಾಡುತ್ತಾರೆ. ಆದರೆ ಮ್ಯಾಕ್‌ಫ್ಯಾಡನ್ ತಾನೇ ನಿಂತು ನೋಡಿದ್ದ. ನಿಮ್ಮೂರಿನ ಆಫೀಸರ್ ನೋಡಿದ್ದೇನು? ಟೋಪಿ ಹಾಕಿದ ಮುದುಕ, ಕವರಿನಲ್ಲಿ ಹೂವು. ಉಳಿದದ್ದೆಲ್ಲ ಫೋನಿನಲ್ಲಿ ಬಂದ ಮಾತು. ಹೆಸರು ಹೇಳದ ಫೋನ್ ಕರೆ ಒಂದನ್ನೇ ನಂಬಿ ಮೈ ತಡವುವ ಹಾಗಿಲ್ಲ ಅಂತ 2000ದಲ್ಲಿ ಫ್ಲೋರಿಡಾದ ಕೇಸೊಂದರಲ್ಲಿ ತೀರ್ಪಾಗಿದೆ. ಬಸ್‌ಸ್ಟಾಪಿನಲ್ಲಿ ಚೌಕಳಿ ಅಂಗಿಯ ಹುಡುಗನ ಹತ್ತಿರ ಗನ್ ಇದೆ ಅಂತ ಯಾರೋ ಫೋನ್ ಮಾಡಿದ್ದರು. ಗನ್ ನಿಜವಾಗಿ ಇತ್ತು! ಆದರೂ ಒಂಬತ್ತೂ ಜನ ಅದು ತಪ್ಪು ಅಂದರು. ಹೀಗಂತ ಫೋನಿನ ಮಾತಿಗೆ ಬೆಲೆಯೇ ಇಲ್ಲ ಅಂತಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾದ ಕೇಸಿನಲ್ಲಿ, ಒಂದು ಪಿಕಪ್ ನನ್ನನ್ನು ರಸ್ತೆಯಿಂದ ಆಚೆ ತಳ್ಳಿತು ಅಂತ 911ಗೆ ಬಂದ ಕರೆಯೇ ಸಾಕು ಅಂದರು, ಅದೂ 5-4ರಲ್ಲಿ. ಕರೆ ಮಾಡಿದವರು ಕಣ್ಣಾರೆ ಕಂಡ ಅಪರಾಧವನ್ನು ಹೇಳಿದರೋ, ಸುಮ್ನೆ ಯಾರೋ ಹೊಸಬ ಅಂದರೋ, ಅದರ ಮೇಲಿದೆ.

ಹತ್ತಿರ ಬಂದು 'ಏನ್ ಸಾರ್, ಯಾರು ನೀವು' ಅಂತ ಕೇಳುವುದಕ್ಕೆ ಯಾವ ಅನುಮಾನವೂ ಬೇಕಿಲ್ಲ. ಅದು ಬರೀ ಮಾತುಕತೆ, ಉತ್ತರ ಕೊಡದೆ ಹೋಗಬಹುದು. ನಿಲ್ಲು, ಹೋಗಬೇಡ ಅಂದ ಮೇಲೆ ಕಾರಣ ಬೇಕು. ನಿಲ್ಲಿಸಿದ್ದನ್ನು ಕೆಲವು ಜಡ್ಜ್‌ಗಳು ಒಪ್ಪಬಹುದು. ನನಗೆ ಅದರ ಬಗ್ಗೆ ಜಾಸ್ತಿ ತಕರಾರಿಲ್ಲ.

ತಡವಿದ್ದು ಬೇರೆಯೇ ವಿಷಯ. ಇಲ್ಲೇ ಜನ ಎಡವುವುದು. ನಿಲ್ಲಿಸುವ ಹಕ್ಕು ಬಂದ ಕೂಡಲೇ ತಡವುವ ಹಕ್ಕು ಬರುವುದಿಲ್ಲ. ಈತನ ಹತ್ತಿರ ಆಯುಧ ಇದೆ, ನನಗೆ ಅಪಾಯ ಇದೆ ಅನ್ನುವುದಕ್ಕೆ ಬೇರೆ ಕಾರಣ ಹೇಳಬೇಕು. ಜೇಬಿನಲ್ಲಿ ಕೈಯಿತ್ತು ಅಂತ ರಿಪೋರ್ಟಿನಲ್ಲಿ ಬರೆದಿರುತ್ತಾರೆ, ನೋಡಿ ಬೇಕಾದರೆ. ಆದರೆ ತೆಗೆ ಅಂದಾಗ ತೆಗೆದರಲ್ಲ?

ಇನ್ನು ಡಬ್ಬಿ. ಮೂರನೆಯವನ ಕೋಟು ನೆನಪಿದೆ ತಾನೇ? ತಡವುವುದು ಆಯುಧ ಹುಡುಕಲು ಮಾತ್ರ, ಅದೂ ಹೊರಗಿನಿಂದ. 1993ರಲ್ಲಿ ಮಿನೆಸೋಟಾದ ಕೇಸು ಬಂತು. ಪೊಲೀಸರ ಕೈಗೆ ಜೇಬಿನಲ್ಲಿ ಸಣ್ಣ ಗಂಟೊಂದು ಸಿಕ್ಕಿತು. ಆಯುಧ ಅಲ್ಲ ಅಂತ ಗೊತ್ತಾದ ಮೇಲೂ ಬೆರಳಲ್ಲಿ ಹಿಸುಕಿ, ಜರುಗಿಸಿ ನೋಡಿದ. ಅದು ಕೊಕೇನೇ ಆಗಿತ್ತು. ಆದರೂ ಹಿಸುಕಿದ್ದು ತಪ್ಪು ಅಂದಿತು ಕೋರ್ಟು. ನಿಮ್ಮಪ್ಪನ ಸಂಚಿಯನ್ನು ಹಿಸುಕಿದ್ದಷ್ಟೇ ಅಲ್ಲ, ಡಬ್ಬಿ ಹೊರತೆಗೆದು ಮುಚ್ಚಳ ಬಿಚ್ಚಿದ್ದಾರೆ. ಅದರಲ್ಲಿ ಬ್ಲೇಡ್ ಇರಬಹುದಿತ್ತು ಅಂತ ವಾದ ಮಾಡುವವರನ್ನೂ ನೋಡಿದ್ದೇನೆ. ಸುಣ್ಣದ ಡಬ್ಬಿ ವಿಷಯದಲ್ಲಿ ಆ ವಾದ ನಿಲ್ಲುವುದು ಕಷ್ಟ.

ಒಂದು ಪ್ರಶ್ನೆ, ಯೋಚಿಸಿ ಹೇಳಿ. ತಡವುವ ಮುಂಚೆ ಆಫೀಸರ್ ಏನಾದರೂ ಕೇಳಿದರಾ? ಅಪ್ಪ ಏನಾದರೂ ಹೇಳಿದರಾ?

ಒಹಾಯೊ_ಹಾಸನ:

ಅಕ್ಕ, ತುಂಬಾ ಥ್ಯಾಂಕ್ಸ್. ಅಪ್ಪನನ್ನು ಈಗ ಕೇಳಿದೆ. ಏನೋ ಕೇಳಿದ, ಪೂರ್ತಿ ಅರ್ಥ ಆಗಲಿಲ್ಲ, ತಲೆ ಆಡಿಸಿದೆ ಅಂದರು.

ಫೈಲ್_ಅಕ್ಕ:

ಅಯ್ಯೋ. ಮೇಲೆ ನಾನು ಬರೆದದ್ದನ್ನೆಲ್ಲ ಆ ತಲೆ ನುಂಗಿಬಿಡಬಹುದು.

ಒಪ್ಪಿಗೆ ಕೊಟ್ಟರೆ ಅನುಮಾನವೂ ಬೇಡ, ಆಯುಧದ ಭಯವೂ ಬೇಡ. ಬೇಡ ಅನ್ನುವ ಹಕ್ಕು ನಿನಗಿದೆ ಅಂತ ಅವರು ತಿಳಿಸಬೇಕಾಗಿಯೂ ಇಲ್ಲ. ಇದು 1973ರ ತೀರ್ಪು. ನನ್ನ ಟೇಬಲ್ ಮೇಲೆ ಬರುವ ಫೈಲುಗಳಲ್ಲಿ ಟೆರಿ ಕೇಸಿನ ಲೆಕ್ಕಾಚಾರಕ್ಕೆ ಹೋಗುವ ಮುಂಚೆಯೇ ಸತ್ತು ಹೋಗುವುದು ಎಷ್ಟೋ. ರಿಪೋರ್ಟಿನಲ್ಲಿ ಒಂದೇ ಸಾಲು ಇರುತ್ತದೆ, 'ಆತ ಒಪ್ಪಿದ' ಅಂತ.

ಆದರೆ ಪೂರ್ತಿ ಕೈ ಬಿಡಬೇಡಿ. 1968ರಲ್ಲೇ, ಟೆರಿ ತೀರ್ಪಿಗೆ ಸರಿಯಾಗಿ ಒಂದು ವಾರ ಮುಂಚೆ, ಇನ್ನೊಂದು ತೀರ್ಪು ಬಂದಿತ್ತು. ನಾರ್ತ್ ಕೆರೊಲಿನಾದ ಹಳ್ಳಿ, ಮಣ್ಣು ರಸ್ತೆಯ ಕೊನೆಯಲ್ಲಿ ಒಂಟಿ ಮನೆ, 66 ವರ್ಷದ ಕಪ್ಪು ಅಜ್ಜಿ. ನಾಲ್ಕು ಜನ ಬಿಳಿ ಪೊಲೀಸರು ಬಂದು ವಾರಂಟ್ ಇದೆ ಅಂದರು. ಆಕೆ 'ಗೋ ಅಹೆಡ್' ಅಂದು ಬಾಗಿಲು ತೆಗೆದರು. ಇದು ಒಪ್ಪಿಗೆ ಅಲ್ಲ, ಅಧಿಕಾರಕ್ಕೆ ತಲೆಬಾಗಿದ್ದು ಅಷ್ಟೇ ಅಂದಿತು ಕೋರ್ಟು. ಮನಸಾರೆ ಒಪ್ಪಿದರು ಅಂತ ತೋರಿಸುವ ಹೊಣೆ ಸರ್ಕಾರದ್ದು. ಭಾಷೆ, ವಯಸ್ಸು, ಎಷ್ಟು ಜನ ಪೊಲೀಸರಿದ್ದರು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಆಫೀಸರ್ ಬಾಡಿ ಕ್ಯಾಮೆರಾ ಹಾಕಿದ್ದರೆ ಆ ವಿಡಿಯೊ ಬೇಕು ಅಂತ ಊರಿನ ಪಬ್ಲಿಕ್ ರೆಕಾರ್ಡ್ಸ್ ವಿಭಾಗಕ್ಕೆ ಬರೆದು ಕೊಡಿ. ಜಗಳದ ಧಾಟಿ ಬೇಡ. ತಾರೀಖು, ಸಮಯ, ಬೀದಿ, ಅಷ್ಟು ಸಾಕು.

ಐ80_ಸವಾರ:

ಒಪ್ಪಿಗೆ ಮಾತು ಬಂತಲ್ಲ, ನನ್ನದೂ ಒಂದು. ಎರಡು ವರ್ಷದ ಹಿಂದೆ ನೆಬ್ರಾಸ್ಕಾದಲ್ಲಿ ರಾತ್ರಿ ಡ್ರೈವ್ ಮಾಡುತ್ತಿದ್ದೆ. ಮುಂದಿನ ಲಾರಿಗೆ ತೀರಾ ಹತ್ತಿರ ಹೋದೆ ಅಂತ ನಿಲ್ಲಿಸಿದರು. ಎಚ್ಚರಿಕೆ ಚೀಟಿ ಬರೆದು, ಲೈಸೆನ್ಸ್ ವಾಪಸ್ ಕೊಟ್ಟು, ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. 'ಹೊರಡುವ ಮುಂಚೆ ಒಂದೇ ಪ್ರಶ್ನೆ, ಕಾರು ನೋಡಬಹುದಾ?' ಹೆಂಡತಿ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಉಪ್ಪಿನಕಾಯಿ ಭರಣಿ, ಅವಳ ಅಮ್ಮ ಕಳಿಸಿದ್ದು. ನನ್ನ ಬಾಯಿಗೆ ಶೂರ್ ಅಂತ ಬಂದೇಬಿಟ್ಟಿತ್ತು. ನುಂಗಿಕೊಂಡು 'ನೋ ಸರ್, ಬೇಡ' ಅಂದೆ. ಒಂದು ನಿಮಿಷ ಸುಮ್ನೆ ನೋಡಿದರು. 'ಓಕೆ, ಡ್ರೈವ್ ಸೇಫ್.' ಅಷ್ಟೇ. ಮುಂದಿನ ಐವತ್ತು ಮೈಲಿ ನನ್ನ ಕೈ ನಡುಗುತ್ತಿತ್ತು.

ಆಮೇಲೆ ಕೂತು ಓದಿದೆ. ಅದೇ ನೆಬ್ರಾಸ್ಕಾದಲ್ಲಿ 2012ರಲ್ಲಿ ರೋಡ್ರಿಗಸ್ ಅನ್ನುವವನಿಗೂ ಹೀಗೇ ಚೀಟಿ ಬರೆದು ಮುಗಿಸಿದ್ದರು. ಕಾರಿನ ಸುತ್ತ ಡ್ರಗ್ಸ್ ಮೂಸುವ ನಾಯಿ ಸುತ್ತಿಸಲಾ ಅಂದರು. ಬೇಡ ಅಂದ. ಆದರೂ ಇನ್ನೊಬ್ಬ ಪೊಲೀಸ್ ಬರುವ ತನಕ ನಿಲ್ಲಿಸಿಕೊಂಡು ನಾಯಿ ಸುತ್ತಿಸಿದರು. ಏಳೆಂಟು ನಿಮಿಷ ಜಾಸ್ತಿ ಆಯಿತು, ಡ್ರಗ್ಸ್ ಸಿಕ್ಕಿತು. ಯಾವ ಕೆಲಸಕ್ಕೆ ನಿಲ್ಲಿಸಿದರೋ ಆ ಕೆಲಸ ಮುಗಿದ ಮೇಲೆ ಬೇರೆ ಅನುಮಾನ ಇಲ್ಲದೆ ಏಳೆಂಟು ನಿಮಿಷ ಕೂಡ ಹಿಡಿದಿಡುವ ಹಾಗಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮಪ್ಪನನ್ನು 35 ನಿಮಿಷ ಕೂರಿಸಿದ್ದಾರೆ!

ಫೈಲ್_ಅಕ್ಕ:

ಸವಾರರೇ, ಆ 'ಹೊರಡುವ ಮುಂಚೆ ಒಂದು ಪ್ರಶ್ನೆ' ಕೂಡ ಒಹಾಯೊದ್ದೇ ಸರಕು. ಡೇಟನ್ ಹತ್ತಿರ ಐ-70ರಲ್ಲಿ ಸ್ಪೀಡಿಗೆ ನಿಲ್ಲಿಸಿದವನೊಬ್ಬನನ್ನು ಹೀಗೇ ಕೇಳಿದ್ದರು. ನೀನಿನ್ನು ಹೋಗಬಹುದು ಅಂತ ಮೊದಲು ಹೇಳಿ ಆಮೇಲೆ ಕೇಳಬೇಕು ಅಂತ ಒಹಾಯೊ ಸುಪ್ರೀಂ ಕೋರ್ಟ್ ಅಂದಿತ್ತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಹಾಗಾಗಿ ಅವರು ಹೇಳುವುದಿಲ್ಲ, ನಾವೇ ಕೇಳಬೇಕು. 'ಆಮ್ ಐ ಫ್ರೀ ಟು ಗೋ?'

35 ನಿಮಿಷದ ಬಗ್ಗೆ ಮಾತ್ರ ಅವಸರ ಬೇಡ. ಇಷ್ಟೇ ನಿಮಿಷ ಅಂತ ಸುಪ್ರೀಂ ಕೋರ್ಟ್ ಗೆರೆ ಎಳೆದಿಲ್ಲ. 1985ರಲ್ಲಿ 20 ನಿಮಿಷವನ್ನು ಒಪ್ಪಿದೆ. ಪೊಲೀಸರು ಕೆಲಸವನ್ನು ಚುರುಕಾಗಿ ಮಾಡಿದರಾ, ಕಾಲ ಕಳೆದರಾ ಅಂತ ನೋಡುತ್ತಾರೆ. ಬಿಳಿ ಪುಡಿ ಸಿಕ್ಕಿದ ಮೇಲೆ ಕಿಟ್ ತರಿಸಿದ್ದು ಅವರ ಲೆಕ್ಕಕ್ಕೆ ಸರಿ. ಆದರೆ ಆ ಪುಡಿ ಕಣ್ಣಿಗೆ ಬಿದ್ದದ್ದೇ ತೆಗೆಯಬಾರದ ಮುಚ್ಚಳ ತೆಗೆದಿದ್ದರಿಂದ. ಬೇರು ಕೊಳೆತಿದ್ದರೆ ಕಾಯಿಯೂ ಹೋಯಿತು.

ಹಳೇ_ಟೆಕ್ಸಾಸ್:

ಎಲ್ಲರೂ ಕೇಸುಗಳ ಮಾತಾಡುತ್ತಿದ್ದೀರಿ. ಅದೆಲ್ಲ ಕೋರ್ಟಿನಲ್ಲಿ ಸ್ವಾಮಿ, ಆರು ತಿಂಗಳಾದ ಮೇಲೆ. ಫುಟ್‌ಪಾತಿನಲ್ಲಿ ಆಫೀಸರ್ ಹೇಳಿದ್ದೇ ಕಾನೂನು. ನಾನು ಈ ದೇಶಕ್ಕೆ ಬಂದು 34 ವರ್ಷ.

2015ರ ಫೆಬ್ರವರಿ ಯಾರಿಗಾದರೂ ನೆನಪಿದೆಯಾ? ಅಲಬಾಮಾದ ಮ್ಯಾಡಿಸನ್. ಗುಜರಾತಿನಿಂದ ಮೊಮ್ಮಗನನ್ನು ನೋಡಿಕೊಳ್ಳಲು ಮಗನ ಮನೆಗೆ ಬಂದಿದ್ದ 57 ವರ್ಷದವರು. ಬೆಳಿಗ್ಗೆ ವಾಕಿಂಗ್. ಪಕ್ಕದ ಯಾರೋ ಫೋನ್ ಮಾಡಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಎತ್ತಿ ನೆಲಕ್ಕೆ ಕುಕ್ಕಿದ. ಕುತ್ತಿಗೆಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿತು. ವಿಡಿಯೊ ಇತ್ತು. ಎರಡು ಸಲ ವಿಚಾರಣೆ ನಡೆದು ಎರಡು ಸಲವೂ ಜ್ಯೂರಿಗಳಲ್ಲಿ ಒಮ್ಮತ ಬರಲಿಲ್ಲ. 2016ರ ಜನವರಿಯಲ್ಲಿ ಜಡ್ಜ್ ಆತನನ್ನು ಖುಲಾಸೆ ಮಾಡಿದರು. ಅದು ಕ್ರಿಮಿನಲ್ ಕೇಸು, ಸಿವಿಲ್ ದಾವೆ ಬೇರೆ.

ಹಾಗಾಗಿ ಮೇಷ್ಟ್ರಿಗೆ ಹೇಳಿಕೊಡಿ. ಕೈ ಕಾಣುವ ಹಾಗಿರಲಿ. ಹಿಂದೆ ಸರಿಯಬೇಡಿ. ಜೇಬಿಗೆ ಕೈ ಹಾಕಬೇಡಿ. ಮಂಕಿ ಕ್ಯಾಪ್ ಬಿಟ್ಟು ಮಾಮೂಲಿ ಟೋಪಿ ಹಾಕಿಸಿ. ಮತ್ತೆ ಆ ಹೂವು ಕೀಳುವುದನ್ನು ಬಿಡಿಸಿ ಮಾರಾಯರೇ, ಅದು ಬೇರೆಯವರ ಸ್ವತ್ತು.

ಫೈಲ್_ಅಕ್ಕ:

ಟೆಕ್ಸಾಸ್ ಸರ್ ಹೇಳಿದ್ದು ಸರಿ, ಮುಕ್ಕಾಲು ಪಾಲು. ಕೈ ತಳ್ಳುವುದು, ಓಡುವುದು, ವಾದ ಎಳೆಯುವುದು ಬೇಡವೇ ಬೇಡ. ಓಡಿದರಂತೂ, ಅಪರಾಧ ಜಾಸ್ತಿ ಇರುವ ಏರಿಯಾದಲ್ಲಿ ಆ ಓಟವನ್ನೇ ಅನುಮಾನದ ಲೆಕ್ಕಕ್ಕೆ ಸೇರಿಸುತ್ತಾರೆ. ಆದರೆ ಬಾಯಲ್ಲಿ ಬೇಡ ಅನ್ನುವುದು ಎದುರಿಸುವುದಲ್ಲ. ಮೈ ತಡವಲು ಬಿಡಿ, ತಡೆಯಬೇಡಿ, ಆದರೆ 'ಐ ಡು ನಾಟ್ ಕನ್ಸೆಂಟ್' ಅಂತ ಕ್ಯಾಮೆರಾಗೆ ಕೇಳುವ ಹಾಗೆ ಒಂದು ಸಲ ಹೇಳಿ. ಆರು ತಿಂಗಳಾದ ಮೇಲೆ ಕೋರ್ಟಿನಲ್ಲಿ ಕೆಲಸಕ್ಕೆ ಬರುವುದು ಆ ಮಾತೇ.

ಹೆಸರಿನ ವಿಷಯ ರಾಜ್ಯಕ್ಕೊಂದು ಥರ. ಅನುಮಾನ ಇಲ್ಲದೆ ನಿಲ್ಲಿಸಿ ಹೆಸರು ಹೇಳು ಅಂತ ಬಲವಂತ ಮಾಡುವ ಹಾಗಿಲ್ಲ, ಅದು 1979ರ ಟೆಕ್ಸಾಸ್ ಕೇಸು, ಎಲ್ ಪಾಸೊ ಊರಿನದು. ಸರಿಯಾದ ಅನುಮಾನ ಇದ್ದು ನಿಲ್ಲಿಸಿದ್ದರೆ ರಾಜ್ಯಗಳು ಹೆಸರು ಹೇಳಲೇಬೇಕು ಅಂತ ಕಾನೂನು ಮಾಡಬಹುದು, ಅದು 2004ರ ನೆವಾಡಾ ಕೇಸು. ಒಹಾಯೊದಲ್ಲಿ ಅಂಥ ಕಾನೂನಿದೆ. ಹೆಸರು, ವಿಳಾಸ, ಹುಟ್ಟಿದ ತಾರೀಖು ಹೇಳದಿದ್ದರೆ ಅದೇ ಒಂದು ಸಣ್ಣ ಅಪರಾಧ. ಹಾಗಾಗಿ ಅಪ್ಪ ಹೆಸರು ಹೇಳಿದ್ದು ಒಳ್ಳೆಯದಾಯಿತು. ಮನೆ ವಿಳಾಸ, ನಿಮ್ಮ ಫೋನ್ ನಂಬರ್ ಇಂಗ್ಲಿಷಿನಲ್ಲಿ ಬರೆದ ಚೀಟಿ ಕುತ್ತಿಗೆಗೆ ದಾರ ಕಟ್ಟಿ ಹಾಕಿ, ಜೇಬಿಗೆ ಕೈ ಹಾಕುವ ಪ್ರಮೇಯವೇ ಬರುವುದಿಲ್ಲ. ವಿಸಿಟರ್‌ಗಳು ಐ-94, ಅಂದರೆ ದೇಶದೊಳಗೆ ಬಂದ ದಾಖಲೆ, ಇಟ್ಟುಕೊಂಡೇ ಓಡಾಡಬೇಕು ಅಂತ ಫೆಡರಲ್ ಕಾನೂನಿದೆ. ಅದರ ಪ್ರಿಂಟ್ ಕೂಡ ಅಲ್ಲೇ ಇರಲಿ.

ಹೂವಿನ ಬಗ್ಗೆ ನಾನೂ ಟೆಕ್ಸಾಸ್ ಸರ್ ಪಕ್ಷ. ಪಕ್ಕದ ಮನೆಯವರು ನೋಡಿದ್ದು ಹೂವು ಕೀಳುವುದನ್ನೇ ಆಗಿದ್ದು, ಅದನ್ನೇ ಫೋನಿನಲ್ಲಿ ಹೇಳಿದ್ದರೆ, ನಿಲ್ಲಿಸಲು ಆಫೀಸರ್‌ಗೆ ಒಳ್ಳೇ ಕಾರಣ ಸಿಗುತ್ತಿತ್ತು.

ಒಹಾಯೊ_ಹಾಸನ (ಮೂರು ವಾರದ ನಂತರ):

ವಿಡಿಯೊ ಬಂತು. ಅಪ್ಪ, ನಾನು, ಹೆಂಡತಿ ಮೂವರೂ ಡೈನಿಂಗ್ ಟೇಬಲ್ಲಿನಲ್ಲಿ ಕೂತು ನೋಡಿದೆವು. ನಾಲ್ಕನೇ ನಿಮಿಷದಲ್ಲಿ ಆಫೀಸರ್ ಕೇಳುತ್ತಾರೆ, 'ಜೇಬು ನೋಡಿದರೆ ನಿಮಗೇನೂ ಅಭ್ಯಂತರ ಇಲ್ಲ ತಾನೇ?' ಇಂಗ್ಲಿಷಿನಲ್ಲಿ, ಬಹಳ ಬೇಗ. ಅಪ್ಪನ ತಲೆ ಮೇಲೆ ಕೆಳಗೆ ಆಡುವುದಿಲ್ಲ. ಆ ಕಡೆ ಈ ಕಡೆ, ನಮ್ಮ ಕಡೆ ಆಡಿಸುತ್ತೇವಲ್ಲ, ಹಾಗೆ. ಅಮೆರಿಕದವರಿಗೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅರ್ಧ ಸೆಕೆಂಡ್ ಕೂಡ ಕಾಯದೆ ಆಫೀಸರ್ ಅವರ ಭುಜ ಹಿಡಿದು ತಿರುಗಿಸುತ್ತಾರೆ.

ರಿಪೋರ್ಟೂ ಬಂದಿದೆ. ಅಕ್ಕ, ನೀವು ಹೇಳಿದ ಸಾಲು ಹಾಗೇ ಇದೆ. 'ಆತ ಒಪ್ಪಿದ.'

ಫೋನ್ ಮಾಡಿದವರು ಹೆಸರು ಹೇಳಿಲ್ಲ. ಹೂವಿನ ಮಾತೂ ಅದರಲ್ಲಿಲ್ಲ. ವಕೀಲರೊಬ್ಬರ ಹತ್ತಿರ ಅರ್ಧ ಗಂಟೆ ಮಾತಾಡಿದ್ದೇನೆ. ದೂರು ಕೊಡುವುದೋ ಬಿಡುವುದೋ ಅಪ್ಪ ತೀರ್ಮಾನ ಮಾಡಲಿ ಅಂದಿದ್ದೇನೆ. ಚೀಟಿ ದಾರಕ್ಕೆ ಕಟ್ಟಿ ಆಗಿದೆ.

ಆ ನಾಲ್ಕನೇ ನಿಮಿಷವನ್ನು ಅಪ್ಪ ಮೂರು ಸಲ ಹಾಕಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು, ಕ್ಲಾಸಿನಲ್ಲಿ ತಪ್ಪು ಲೆಕ್ಕ ಹಿಡಿದವರ ಧ್ವನಿಯಲ್ಲಿ ಅಂದರು: 'ನಾನು ಆಡಿಸಿದ್ದು, ಕೇಳಿಸ್ತಾ ಇದೆ ಕಣಪ್ಪ, ಹೇಳು ಅಂತ.'